ಕೆಳರೆಪ್ಪೆಯ ಕೆಂಪು

ಕೆಂಪು ಬಿತ್ತು, ಅಡುಗೆಮನೆಯ ಕಿಟಕಿಯ ಕೆಳಗೆ ರಸ್ತೆ ಕೂಡುವಲ್ಲಿ ಸಿಗ್ನಲ್ಲು ಕೆಂಪಾಯಿತು, ಅವನ ಬಲಗಾಲು ತನ್ನಷ್ಟಕ್ಕೆ ನೆಲ ಒತ್ತಿತು — ಬಸ್ಸು ಓಡಿಸುವ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಕಾಲಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ — ಕುಕ್ಕರು ಮತ್ತೊಂದು ಸೀಟಿ ಹಾಕಿತು, ಜೀವಮಾನವಿಡೀ ಕಂಡಕ್ಟರನ ಸೀಟಿಗೆ ಕುಣಿದದ್ದಾಯಿತು, ಈಗ ಇದರ ಸೀಟಿಗೆ, ಆಗಲಿ, ಒಳಗಿರುವುದು ನೆನೆದು ದಪ್ಪಗಾದ ಕಡಲೆಕಾಳು, ಇವತ್ತಿನ ಕಾಳಿಗೆ ಬೇರೆಯೇ ಮರ್ಯಾದೆ, ಇವತ್ತು ಮಗಳ ರಕ್ತದ ರಿಪೋರ್ಟು ಬರುತ್ತದೆ, ಕೆಲಸ ಮುಗಿಸಿ ಕ್ಲಿನಿಕ್ಕಿಗೆ ಹೋಗಿ ಕೇಳ್ಕೊಂಡೇ ಬರ್ತೀನಪ್ಪ, ಫೋನಲ್ಲಿ ಹೇಳಲ್ಲ, ಎದುರಿಗೇ ಹೇಳ್ತೀನಿ ಅಂದು ಹೋದಳು, ಮುಖ ನೋಡದೆ ಹೋದಳು, ರಕ್ತದ ಅಂಶ ಏರಿದ್ದರೆ ಸರಿ, ಏರದಿದ್ದರೆ ಅವಳಮ್ಮನಿಗೆ ಕೊಟ್ಟ ಮಾತಿದೆ, ಮಾಂಸದ ಸಾರು, ಮೊಟ್ಟೆ, ಅವಳು ಬಿಟ್ಟದ್ದೆಲ್ಲ ಮತ್ತೆ ತಟ್ಟೆಗೆ ಬರಬೇಕು, ಹುಡುಗಿ ಕಣ್ಣು ಮುಚ್ಚಿ ನುಂಗುತ್ತಾಳೆ, ನುಂಗಿ ಸುಮ್ಮನಾಗುತ್ತಾಳೆ, ಆ ಸುಮ್ಮನಿರುವುದನ್ನು ನೋಡಲು ತನ್ನಿಂದಾಗದು. ಈ ಊರಿಗೆ, ಮಗಳ ಮನೆಗೆ ಬಂದ ದಿನ ನೋಡಿದ್ದನಲ್ಲ, ಬಾಗಿಲಲ್ಲೇ ನಿಲ್ಲಿಸಿ, ಮೇಲೆ ನೋಡು ಮಗಳೇ ಅಂದು ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆ ಎಳೆದು — ಚಿಕ್ಕವಳಿದ್ದಾಗ ಕಾಂಪೌಂಡರು ಮಾಡುತ್ತಿದ್ದ ಹಾಗೆ, ರಕ್ತ ಇದ್ದರೆ ಒಳಗೆ ಕೆಂಪಗಿರುತ್ತೆ ನೋಡಿ ಅಂತ ಅವರೇ ತೋರಿಸಿಕೊಟ್ಟಿದ್ದು — ಕೆಂಪೆಲ್ಲಿ ಬಂತು, ಸುಣ್ಣ ಬಳಿದ ಹಾಗೆ ಬಿಳಿ, ಮೆಟ್ಟಿಲು ಹತ್ತಿದರೆ ಏದುಸಿರು, ಆದರೂ ಬೆಳಗಾದರೆ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ, ಬೆಳಗ್ಗೆ ಕರು ಕಾಲಿಗೆ ಪಟ್ಟಿ ಕಟ್ಟಿ ಮಧ್ಯಾಹ್ನ ಅದನ್ನೇ ಹೇಗಪ್ಪ ತಿನ್ನಲಿ, ಅದರಮ್ಮನ ಹಾಲನ್ನ ಹೇಗಪ್ಪ ಕುಡೀಲಿ ಅಂದಳು ಅಷ್ಟೇ, ಭಾಷಣ ಬಿಗಿಯಲಿಲ್ಲ, ಯಾರನ್ನೂ ದೂರಲಿಲ್ಲ, ಹಟ ಮಾತ್ರ ಅವನದೇ, ಅಚ್ಚು ಹೊಯ್ದ ಹಾಗೆ. ಒಳಗೊಳಗೇ ಹಿಗ್ಗಿದ್ದ, ಬಾಯಿ ಬಿಟ್ಟು ಹೇಳಿರಲಿಲ್ಲ.

ಹೆಂಡತಿ ಬರಬೇಕಿತ್ತು, ಆದರೆ ಚಿಕ್ಕ ಮಗಳ ಬಾಣಂತನ, ತಾಯಿ ಬಿಟ್ಟು ಬರುವುದುಂಟೇ, ದೊಡ್ಡವಳ ಹತ್ರ ನೀವೇ ಹೋಗಿ ಅಂದವಳು ಫೋನಿಟ್ಟ ಮೇಲೂ ನಕ್ಕಿರಬೇಕು, ಡ್ರೈವರ್ ಸಾಹೇಬ್ರು ಅಡಿಗೆ ಮಾಡ್ತಾರಂತೆ, ಇವರ ಕೈಗೆ ಸಿಕ್ಕಿದ್ರೆ ನೀರೂ ಸೀದು ಹೋಗುತ್ತೆ, ಸರಿ, ಮೊದಲು ಸೀದದ್ದು ನಿಜ, ನೀರಲ್ಲ, ಬೇಳೆ, ಪಾತ್ರೆಯ ತಳ ಉಜ್ಜಿ ಉಜ್ಜಿ ಭುಜ ಬಿದ್ದುಹೋಯಿತು, ಆಮೇಲೆ ಕಲಿತ, ಬಸ್ಸಿನ ಗೇರು ಹಾಕಲು ಕಲಿತ ಹಾಗೆ ಕಿವಿಯಿಂದ ಕಲಿತ, ಎಣ್ಣೆ ಕಾದ ಸದ್ದು ಬೇರೆ, ಸಾಸಿವೆ ಸಿಡಿದು ಮುಗಿಯುವ ಸದ್ದು ಬೇರೆ, ಅಂಗಡಿಗೂ ತಾನೇ ಹೋದ, ಇಲ್ಲಿಯ ಅಕ್ಷರ ಬಾರದು, ಬಾರದಿದ್ದರೇನು, ಹಾಲು ಅನ್ನುವುದನ್ನು ಹೇಗೆ ಬರೀತಾರೆ ಒಂದು ಸಲ ತೋರಿಸು ಅಂದ ಮಗಳಿಗೆ, ಎದುರಿಂದ ಬರುವ ಬಸ್ಸಿನ ಬೋರ್ಡನ್ನು ದೂರದಿಂದಲೇ ಗುರುತು ಹಿಡಿಯುವವನಿಗೆ ಅದೇನು ಮಹಾ, ಕನ್ನಡಕ ಮೂಗಿಗೆ ಏರಿಸಿ ಪೊಟ್ಟಣ ತಿರುಗಿಸಿದರೆ ಬ್ರೆಡ್ಡಿನಲ್ಲೂ ಹಾಲಿನ ಪುಡಿ ಕದ್ದು ಕೂತಿರುತ್ತದೆ, ಇಳಿಯಪ್ಪ ಕೆಳಗೆ ಅಂತ ವಾಪಸ್ಸಿಡುವುದೇ. ಕಾಳು, ಸೊಪ್ಪು, ಎಳ್ಳು ಹುರಿದು ಪುಡಿ, ಒಂದು ಜೀವಸತ್ವ ಮಾತ್ರ ಯಾವ ಕಾಳಿನಲ್ಲೂ ಇಲ್ಲವಂತೆ, ಅದಕ್ಕೆ ಮಾತ್ರೆ, ಅದನ್ನೂ ತಟ್ಟೆಯ ಪಕ್ಕ ಅವನೇ ಇಡುತ್ತಾನೆ, ಇಷ್ಟೆಲ್ಲ ಮಾಡಿಯೂ ನಡುವೆ ಒಂದು ಸಲ ಪರೀಕ್ಷೆಗೆ ರಕ್ತ ಕೊಟ್ಟಾಗ ಕೂದಲೆಳೆಯಷ್ಟೂ ಏರಿರಲಿಲ್ಲ, ಯಾಕೆ, ಯಾಕಂದರೆ ಟೀ — ಥೂ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ — ಡ್ರೈವರಿಗೆ ಊಟದ ಕೊನೆಯ ತುತ್ತಿನ ಜೊತೆಗೇ ಟೀ ಬರಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಮೇಲೆ ತೂಕಡಿಕೆ, ಹೋಟೆಲಿನವರು ಕೇಳುತ್ತಲೇ ಇರಲಿಲ್ಲ, ತಂದಿಡುತ್ತಿದ್ದರು, ಮನೆಯಲ್ಲೂ ಅದೇ ರೂಢಿ, ಇಲ್ಲಿಗೂ ಅದನ್ನೇ ಹೊತ್ತುಕೊಂಡು ಬಂದ, ಮಗಳು ಕೈ ತೊಳೆದು ಬರುವಷ್ಟರಲ್ಲಿ ಶುಂಠಿ ಜಜ್ಜಿ, ಸೋಯಾ ಹಾಲು ಹಾಕಿ, ಕಡಕ್ಕಾಗಿ, ಪ್ರೀತಿಯಿಂದ ಒಂದು ಲೋಟ, ಕ್ಲಿನಿಕ್ಕಿನ ಆಹಾರದ ಮೇಡಂ ಕೇಳಿದರಂತೆ, ಊಟ ಆದ ತಕ್ಷಣ ಏನಾದ್ರೂ ಕುಡೀತೀರಾ, ಅಪ್ಪ ಟೀ ಕೊಡ್ತಾರೆ ಅಂದಳಂತೆ ಇವಳು, ಅಯ್ಯೋ, ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತೋಕೆ ಆ ಟೀನೇ ಬಿಡ್ತಿಲ್ಲ ಕಣಮ್ಮ, ಆಮೇಲೆ ಕುಡೀರಿ, ಊಟಕ್ಕೆ ನಿಂಬೆಹಣ್ಣು ಹಿಂಡ್ಕೊಳ್ಳಿ. ಕೈಯಾರೆ ಟ್ಯಾಂಕಿಗೆ ಡೀಸೆಲ್ ಹುಯ್ದು ಕೈಯಾರೆ ತಳದ ಬಿರಡೆ ಬಿಚ್ಚಿದ್ದ, ಪಾಪ ಆ ಮಗುವೂ ಕುಡಿದು, ಸೂಪರ್ ಅಪ್ಪ ಅಂದು ಲೋಟ ತೊಳೆದಿಡುತ್ತಿತ್ತು.

ಅಂದಿನಿಂದ ಟೀ ಸಂಜೆಗೆ, ಊಟಕ್ಕೆ ನಿಂಬೆ, ಒಲೆ ಆರಿಸಿದ ಮೇಲೆ ಹಿಂಡಬೇಕು, ಕುದಿಯುವಾಗ ಹಿಂಡಿದರೆ ದಂಡ, ಮಧ್ಯಾಹ್ನ ತೂಕಡಿಕೆ ಬಂದರೂ ಅವನೂ ಕುಡಿಯುವುದಿಲ್ಲ, ಮಗಳಿಗಿಲ್ಲದ ಟೀ ತನಗೇಕೆ, ಈಗಲೂ ಕುಕ್ಕರು ಇಳಿಸಿ ಹಿಂಡಿದ, ಬೀಜ ಆರಿಸಿದ, ರುಚಿ ನೋಡಿದ, ಆಹಾ, ಸುಮ್ಮನೆ ಹೇಳುವುದಲ್ಲ, ಮಗಳ ಆಸ್ಪತ್ರೆಯ ಪ್ರಾಣಿ ಡಾಕ್ಟರು ಮೊನ್ನೆ ಅವಳ ಊಟದ ಡಬ್ಬಿಯನ್ನು ಬೆರಳಲ್ಲಿ ಬಳಿದು ತಿಂದರಂತೆ, ಮಾಡಿದ್ದು ಯಾರು, ನಮ್ಮಪ್ಪ, ಬಸ್ ಓಡಿಸ್ತಿದ್ರು ಅಂದಳಂತೆ, ಆ ನಮ್ಮಪ್ಪ ಅನ್ನುವುದನ್ನು ಅವಳು ಹೇಗೆ ಹೇಳಿರಬಹುದು, ಗಲ್ಲ ಎತ್ತಿ ಹೇಳಿರಬೇಕು, ಅಪಘಾತವಿಲ್ಲದ ಸೇವೆಗೆ ಮೆಡಲು ಕೊಟ್ಟಾಗಲೂ ಎದೆ ಇಷ್ಟು ಉಬ್ಬಿರಲಿಲ್ಲ, ಮೆಡಲು ಪೆಟ್ಟಿಗೆಯಲ್ಲಿದೆ, ಡಬ್ಬಿ ಅವಳ ಹೆಗಲ ಚೀಲದಲ್ಲಿ ದಿನಾ ಹೋಗಿ ಖಾಲಿಯಾಗಿ ಬರುತ್ತದೆ, ಆದರೆ ರೆಪ್ಪೆ, ರೆಪ್ಪೆಯನ್ನು ಮುಟ್ಟಲು ಬಿಟ್ಟಿಲ್ಲ ಅವಳು, ದಿನಾ ಎಳೆದು ನೋಡಿ ನಿಟ್ಟುಸಿರು ಬಿಡ್ತೀಯ, ರಿಪೋರ್ಟ್ ಬರೋವರೆಗೂ ಮುಟ್ಟಬೇಡ ಅಂದಿದ್ದಾಳೆ, ಕಣ್ಣು ಮುಚ್ಚಿದರೆ ಆ ಬಿಳಿಯೇ — ಫೋನು ಬಡಿದುಕೊಂಡಿತು, ಹೆಂಡತಿ, ಅವಳಿಗೂ ತಡೆಯಲಾಗುತ್ತಿಲ್ಲ, ಎತ್ತಿದರೆ ಏನು ಹೇಳುವುದು, ಬಡಿದುಕೊಳ್ಳಲಿ, ಮೆಟ್ಟಿಲ ಮೇಲೆ ಹೆಜ್ಜೆ, ಇಷ್ಟು ಬೇಗ ಹತ್ತುವುದು ಅವಳಲ್ಲ, ಪಕ್ಕದ ಮನೆಯವರಿರಬೇಕು, ಬೀಗದಲ್ಲಿ ಕೀಲಿ ತಿರುಗಿತು, ಅವಳೇ, ಏದುಸಿರಿಲ್ಲ, ಬೂಟು ಬಿಚ್ಚದೆ ನಿಂತಿದ್ದಾಳೆ, ಮುಖದಲ್ಲಿ ಏನೂ ಬರೆದಿಲ್ಲ, ಎಷ್ಟು ಬಂತು ಅಂತ ಕೇಳಲು ಹೊರಟವನು ಊಟ ಬಡಿಸ್ಲಾ ಅಂದ, ಅವಳು ಸೀದಾ ಬೆಳಕಿರುವ ಕಿಟಕಿಯ ಹತ್ತಿರ ಬಂದಳು, ಅವನ ಕೈ ಹಿಡಿದು ತನ್ನ ಕಣ್ಣಿನ ಹತ್ತಿರ ಒಯ್ದಳು, ಒದ್ದೆ ಕೈ, ನಿಂಬೆಯ ವಾಸನೆಯ ಕೈ, ಉರೀತದೆ ಮಗಳೇ ಬೇಡ ಅಂದ, ಸರಿ ಅಂತ ತನ್ನ ಬೆರಳನ್ನೇ ಕಣ್ಣಿನ ಕೆಳಗಿಟ್ಟು ರೆಪ್ಪೆ ಎಳೆದಳು, ನೋಡಪ್ಪ, ಈಗ ನೋಡು, ಅಂದಳು, ಕೆಳಗೆ ಸಿಗ್ನಲ್ಲು ಹಸಿರಾಯಿತು, ಹಾರ್ನುಗಳು ಕೂಗಿದವು, ಅವನ ಕಾಲು ಕದಲಲಿಲ್ಲ, ರೆಪ್ಪೆಯ ಒಳಗೆ ಅಂಚಿನಿಂದ ಅಂಚಿಗೆ, ಒದ್ದೆಯಾಗಿ, ಕೆಂಪು, ಕೆಂಪು —