ಸೆರಗಿಗೆ ಕಟ್ಟಿದ ಚಾಕ್ಲೇಟು

ಸಕ್ಕರೆ ಕಾಯಿಲೆ, ಹಲ್ಲುನೋವು, ಉಪವಾಸ. ನಮ್ಮ ಕೈಯದನ್ನು ತಿನ್ನಲು ಮನಸ್ಸಿಲ್ಲದವರಿಗೆ ಬರುವುದು ಈ ಮೂರೇ. ನನ್ನ ಅಪ್ಪ ಹುಚ್ಚಣ್ಣ ಗುಮಾಸ್ತರಾಗಿದ್ದಾಗ ಪ್ರತಿ ಹಬ್ಬಕ್ಕೂ ಆಫೀಸಿಗೆ ಸಿಹಿ ಒಯ್ಯುತ್ತಿದ್ದರು. ಎಲ್ಲರೂ ನಗುನಗುತ್ತಾ ತೆಗೆದುಕೊಂಡು ಪೇಪರಿನಲ್ಲಿ ಸುತ್ತಿ, ಮನೆಗೆ ಒಯ್ಯುತ್ತೇವೆ ಎನ್ನುತ್ತಿದ್ದರಂತೆ. ಒಂದು ಸಂಜೆ ಅಪ್ಪ ಅದೇ ಪೇಪರನ್ನು ಸಿಹಿಯ ಸಮೇತ ಆಫೀಸಿನ ಹಿಂದಿನ ತಿಪ್ಪೆಯಲ್ಲಿ ನೋಡಿ ಬಂದರು. ಅಂದಿನಿಂದ ಯಾರಾದರೂ ನಾವು ಕೊಟ್ಟದ್ದನ್ನು ಸುತ್ತಿಡುವುದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹಳೇಬೀಡಿನಲ್ಲಿ ನಾನು ಸಿಹಿ ಅಂಗಡಿ ಇಟ್ಟು ಎಂಟು ತಿಂಗಳಾಗಿತ್ತು. ದೇವಸ್ಥಾನ ನೋಡಲು ಬರುವ ಪ್ರವಾಸಿಗಳು ಡಬ್ಬಿಗಟ್ಟಲೆ ಒಯ್ಯುತ್ತಿದ್ದರು, ಊರಿನವರು ಮಾತ್ರ ಬಾಗಿಲಲ್ಲೇ ಮಾತಾಡಿ ಹೋಗುತ್ತಿದ್ದರು. ಗಲ್ಲಾದ ಮೇಲಿರುವ ಬುದ್ಧನ ಪಟ ನೋಡಿದ ಮೇಲೆ ನಾವು ಯಾವ ಕೇರಿಯವರೆಂದು ಯಾರೂ ಕೇಳಬೇಕಿರಲಿಲ್ಲ. ಊರು ನನ್ನ ಕೈಯಿಂದ ತಿನ್ನುತ್ತದೋ ಇಲ್ಲವೋ, ಒಂದು ಸಲ ಎದುರಿಗೇ ನೋಡಿಬಿಡೋಣ ಅನ್ನಿಸಿತು. ಅರೇಹಳ್ಳಿ ಕಡೆಯ ತೋಟದ ಕೋಕೋ ತರಿಸಿ ನಾಲ್ಕು ಬಗೆಯ ಚಾಕ್ಲೇಟು ಮಾಡಿದೆ. ಪ್ರತಿ ತುಂಡಿನ ಮೇಲೂ ಎಲೆಯ ಅಚ್ಚು. 'ಲತಾಮಣಿ ಅಂಗಡಿಯಲ್ಲಿ ಚಾಕ್ಲೇಟು ರುಚಿ ನೋಡುವ ಸಂಜೆ' ಎಂದು ಬೋರ್ಡು ಬರೆದೆ. ವ್ಯಾಪಾರ ಕಡಿಮೆ ಇರುತ್ತದೆಂದು ಸೋಮವಾರ ಗೊತ್ತು ಮಾಡಿದೆ.

ಬಂದವರು ಏಳೇ ಜನ. ಮುಂದಿನ ಬೆಂಚಿನಲ್ಲಿ ಇಂದುಧರ ಮೇಷ್ಟ್ರು ಕೂತರು. ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕಕ್ಕೆ ಸಮಾನತೆಯ ಬಗ್ಗೆ ಭಾಷಣ ಮಾಡುವವರು. ಅವರ ಪಕ್ಕದಲ್ಲಿ ಎದುರುಮನೆಯ ಭಾಗಮ್ಮ. ಅವರು ಎಂಟು ತಿಂಗಳಲ್ಲಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಅಗಿಯಬೇಡಿ, ನಾಲಿಗೆ ಮೇಲಿಟ್ಟು ಕರಗಿಸಿ. ಒಂದಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ, ಆಮೇಲೆ ಇನ್ನೊಂದು," ಎಂದೆ. ಮೈಸೂರಿನಲ್ಲಿ ಕಲಿಯುವಾಗ ನಮಗೆ ಹೇಳಿಕೊಟ್ಟ ಕ್ರಮ ಅದು.

ಉಳಿದವರು ಹಿಂದೆಮುಂದೆ ನೋಡುತ್ತಾ ಚೂರುಚೂರೇ ಕಚ್ಚಿದರು. ಮೇಷ್ಟ್ರು ಮಾತ್ರ ಇಡೀ ತುಂಡನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆಯಾಡಿಸಿ, ನೀರಿನ ಲೋಟ ಹಿಡಿದು ಹೊರಗಿನ ಮೋರಿಗೆ ಹೋಗಿ ಮುಕ್ಕಳಿಸಿ ಬಂದರು. ನಾಲ್ಕಕ್ಕೂ ಹಾಗೆಯೇ. "ಅದ್ಭುತ ಕಣಮ್ಮ! ಕ್ರಮ ಅಂದ್ರೆ ಕ್ರಮ," ಎಂದರು. ನನಗೆ ಕಣ್ಣು ತುಂಬಿ ಬಂತು. ಒಬ್ಬರಾದರೂ ಸಿಕ್ಕರಲ್ಲ!

ಭಾಗಮ್ಮನ ಮೇಲೆ ನನ್ನ ಕಣ್ಣಿತ್ತು. ಮೊದಲನೆಯದನ್ನು ತೆಗೆದುಕೊಂಡರು, ಮೂಸಿ ನೋಡಿದರು, ಸೆರಗಿನ ತುದಿಗೆ ಕಟ್ಟಿದರು. ಎರಡನೆಯದೂ ಸೆರಗಿಗೆ. ಮೂರನೆಯದೂ. ನಾಲ್ಕನೆಯದಕ್ಕೆ ಗಂಟು ಬಿಚ್ಚುವಾಗ ನನಗೆ ಆ ತಿಪ್ಪೆ, ಆ ಪೇಪರು, ಅಪ್ಪನ ಮುಖ ಎಲ್ಲ ಒಟ್ಟಿಗೆ ಕಂಡವು.

"ಭಾಗಮ್ಮೋರೆ, ತಿನ್ನೋಕೆ ಆಗಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ. ಸೆರಗಲ್ಲಿ ಕಟ್ಕೊಂಡೋಗಿ ತಿಪ್ಪೆಗೆ ಹಾಕ್ಬೇಡಿ."

ಉಳಿದವರೆಲ್ಲ ಭಾಗಮ್ಮನ ಕಡೆ ತಿರುಗಿದರು.

"ಇವತ್ತು ಸೋಮವಾರ ಕಣವ್ವಾ, ನಂಗೆ ಒಪ್ಪೊತ್ತು. ದೀಪ ಹಚ್ಚೋಗಂಟ ಬಾಯಿಗೆ ಏನೂ ಹಾಕಾಕಿಲ್ಲ," ಎಂದರು ಭಾಗಮ್ಮ.

"ಗೊತ್ತು ಬಿಡಿ. ನಮ್ಮಪ್ಪನ ಕಾಲದಿಂದ್ಲೂ ಕೇಳಿದೀವಿ."

ಅವರು ಸೆರಗಿನ ಗಂಟು ಬಿಗಿದು ಎದ್ದು ಹೋದರು. ಮೇಷ್ಟ್ರು ನನ್ನನ್ನು ಸಮಾಧಾನ ಮಾಡಿದರು. "ಹಳೇ ಕಾಲದೋರು, ಬದಲಾಗಲ್ಲಮ್ಮ. ಬಿಟ್ಬಿಡು."

ಎಲ್ಲರೂ ಹೋದ ಮೇಲೆ ಲೋಟಗಳಲ್ಲಿ ಉಳಿದ ನೀರು ಚೆಲ್ಲಲು ಮೋರಿಯ ಬಳಿ ಹೋದೆ. ಬೀದಿದೀಪ ಆಗಷ್ಟೇ ಹತ್ತಿತ್ತು. ಮೋರಿಯ ಜಾಲರಿಯ ಮೇಲೆ ನಾಲ್ಕು ತುಂಡು ಚಾಕ್ಲೇಟು ಕೂತಿತ್ತು. ಇಡೀ ತುಂಡುಗಳು. ಎಲೆಯ ಅಚ್ಚು ಇನ್ನೂ ಗುರುತು ಸಿಗುವಂತಿತ್ತು. ಕರಗುವಷ್ಟು ಹೊತ್ತು ಕೂಡ ಮೇಷ್ಟ್ರು ಅವನ್ನು ಬಾಯಲ್ಲಿ ಇಟ್ಟುಕೊಂಡಿರಲಿಲ್ಲ. ಉಗಿಯಲು ನೀರು ತುಂಬಿಕೊಟ್ಟವಳು ನಾನೇ.

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎದುರುಮನೆಯ ಹೊಸ್ತಿಲಲ್ಲಿ ದೀಪ ಉರಿಯುತ್ತಿತ್ತು. ಭಾಗಮ್ಮ ರಸ್ತೆ ದಾಟಿ ಬಂದರು. ನನ್ನ ಪಕ್ಕದಲ್ಲೇ ಕೂತು ಸೆರಗಿನ ಗಂಟು ಬಿಚ್ಚಿದರು. ಚಾಕ್ಲೇಟು ಮೈಬಿಸಿಗೆ ಕರಗಿ ಸೀರೆಗೆಲ್ಲ ಮೆತ್ತಿಕೊಂಡಿತ್ತು. ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡರು. ಮತ್ತೆ ಬಳಿದರು. ಬಟ್ಟೆಗಂಟಿದ್ದನ್ನೂ ಬಿಡದೆ ಚೀಪಿದರು.

ನಮ್ಮ ಮನೆಯಲ್ಲಿ ಅಪ್ಪ ಬೌದ್ಧರಾದ ವರ್ಷದಿಂದ ಸೋಮವಾರ, ಶನಿವಾರ ಹಿಡಿಯುವುದೇ ನಿಂತಿತ್ತು. ಊರಲ್ಲಿ ಯಾರಿಗಾದರೂ ಅದು ನಿಜವಾದ ಉಪವಾಸ ಆಗಿರಬಹುದೆಂದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ.

"ತಪ್ಪಾಯ್ತು ಭಾಗಮ್ಮೋರೆ," ಎಂದೆ.

"ತಪ್ಪೇ ಮತ್ತೆ! ಎಲ್ಲಾರ ಎದುರ್ಗೂ ಅಂದ್ಬಿಟ್ಟೆ," ಎಂದು ಅವರು ರೇಗಿದರು. ತುಟಿಗೆಲ್ಲ ಕಂದು ಬಣ್ಣ ಹತ್ತಿತ್ತು. "ನಾಳೆ ಮಂಗಳವಾರ. ಇವತ್ತು ಬಂದಿದ್ದೋರ್ನೆಲ್ಲ ತಿರ್ಗಾ ಕರಿ. ಎಲ್ಲಾರ ಎದುರ್ಗೇ ತಿಂತೀನಿ."

"ಆಯ್ತು."

"ಮೇಷ್ಟ್ರನ್ನೂ ಕರಿ. ಪಾಪ, ಎಷ್ಟು ಹೊಗಳಿದ್ರು."

ನಾನು ಮೋರಿಯ ಕಡೆ ನೋಡಿದೆ.

"ಕರೀತೀನಿ. ನೀರು ಮಾತ್ರ ಇಡಲ್ಲ," ಎಂದೆ.