ಭಾನುವಾರದ ಕನ್ನಡಕ

"ಕೈ ತೆಗೀರಿ! ಯಾರು ನೀವು?"

ಗಂಡನ ಮುಖ ಒರೆಸುತ್ತಿದ್ದ ಬಟ್ಟೆಯನ್ನು ಹಿಡಿದುಕೊಂಡೇ ಹೆಂಡತಿ ಗದರಿದಳು. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಜನರ ನಡುವೆ ನುಗ್ಗಿ ಬಂದು ಹೆಣದ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದಳು. ಅದೂ ಎಷ್ಟು ಸಲೀಸಾಗಿ! ಕಿವಿಯ ಹಿಂದಿನ ಕೂದಲು ಸರಿಸಿ, ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದಳು.

"ಸಾರ್ ರಿಪೇರಿಗೆ ಕೊಟ್ಟಿದ್ರು. ಆಯ್ತು ಅಂತ ಹೇಳೋಕೆ ಫೋನ್ ಮಾಡ್ದೆ, ಎತ್ತಿದೋರು ಹೀಗಾಯ್ತು ಅಂದ್ರು," ಎಂದು ಅವಳು ಕಣ್ಣೊರೆಸಿಕೊಂಡಳು. "ಪ್ರತಿ ಭಾನುವಾರ ಬರೋರು ನನ್ ಹತ್ರ."

ಪಕ್ಕದಲ್ಲಿದ್ದ ನಾದಿನಿಯ ಕಿವಿ ನೆಟ್ಟಗಾಯಿತು. "ಅತ್ತಿಗೆ, ಭಾನುವಾರ ಮೆಟ್ರೋ ನೋಡ್ಕೊಂಡು ಬರ್ತೀನಿ ಅಂತಿದ್ದನಲ್ವಾ ಅಣ್ಣ?"

ಹೆಂಡತಿ ಗಂಡನ ಕಡೆ ತಿರುಗಿದಳು. ಜಗಳ ಆಡೋಣವೆಂದರೆ ಆಡಬೇಕಾದವನು ಕಣ್ಣು ಮುಚ್ಚಿ ಮಲಗಿದ್ದ.

*

ಹಿಂದೊಂದು ಭಾನುವಾರ ಹೆಂಡತಿ ಕೋಣೆಗೆ ಹೋದಾಗ ಗಂಡ ಮಂಚದ ಮೇಲೆ ಕೂತು ಕನ್ನಡಕದ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತಿದ್ದ. ಅದು ಚಟ್ಟೆಂದು ಮುರಿಯಿತು.

"ಕೈಜಾರಿ ಬಿತ್ತು ಕಣೇ," ಎಂದ, ಅವಳ ಕಣ್ಣೆದುರೇ.

"ಬಿದ್ದಿದ್ದು ನಾನೂ ನೋಡ್ದೆ ಬಿಡಿ!"

ಸುಳ್ಳು ಹೇಳಲು ಬಾರದ ಮನುಷ್ಯ. ಮೆಟ್ರೋ ಕಚೇರಿಯಲ್ಲಿ ನಕ್ಷೆಯ ಮೇಲೆ ರೈಲು ಲೈನಿನ ದಾರಿಯ ಗೆರೆ ಎಳೆಯುವುದು ಅವನ ಕೆಲಸವಾಗಿತ್ತು. ಊಟದ ಮೇಜಿನ ಮೇಲೂ ನಕ್ಷೆ ಹರಡಿಕೊಂಡು, "ನೇರ ಹೋದ್ರೆ ಬರೀ ಬಯಲು. ಮಾರ್ಕೆಟ್ ಕಡೆ ತಿರುಗಿಸಿದ್ರೆ ನೋಡು, ಅಂಗಡಿಯೋರ ಬಾಳು ಬೆಳಗುತ್ತೆ," ಎಂದು ಹಿಗ್ಗುತ್ತಿದ್ದ. ಲೈನು ತಿರುಗಿತು, ರೈಲೂ ಓಡಿತು. ಆಮೇಲೆ ಮಾತ್ರ ಅವನು ಆ ಮಾತನ್ನು ಎತ್ತಲಿಲ್ಲ.

*

"ಸ್ವಲ್ಪ ಒಳಗೆ ಬನ್ನಿ." ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. "ನಿಜ ಹೇಳಿ. ನಮ್ಮ ಯಜಮಾನ್ರಿಗೂ ನಿಮಗೂ ಏನು?"

"ಅಯ್ಯೋ, ಬಿಡ್ತು ಅನ್ನಿ! ನಾನು ಕನ್ನಡಕ ರಿಪೇರಿಯವಳು ಕಣಮ್ಮಾ. ಮಾರ್ಕೆಟ್ ಮೂಲೇಲಿ ಅಂಗಡಿ ಇತ್ತು, ಸ್ಟೇಷನ್‌ಗೆ ಅಂತ ಕೆಡವಿದ್ರು. ರೈಲು ಬಂದ್ಮೇಲೆ ಬಾಡಿಗೆ ಆಕಾಶಕ್ಕೆ ಹೋಯ್ತು, ವ್ಯಾಪಾರ ಎಲ್ಲ ದೊಡ್ಡೋರ ಪಾಲಾಯ್ತು. ಈಗ ಹಿಂದಿನ ಗಲ್ಲೀಲಿ ಮೆಟ್ಟಿಲ ಕೆಳಗೆ ಕೂತಿದೀನಿ. ಅಲ್ಲಿಗೆ ಯಾರು ಬರ್ತಾರೆ? ಸಾರ್ ಒಬ್ರೇ. ಅದೇನು ಮಾಡ್ಕೋತಿದ್ರೋ, ವಾರ ವಾರ ಮುರ್ಕೊಂಡು ಬರೋರು!"

ಹೆಂಡತಿಯ ಎದೆ ಹಗುರವಾಯಿತು. ಇಷ್ಟು ವರ್ಷ ಸಂಸಾರ ಮಾಡಿದವನನ್ನು ಹೆಣವಾದ ದಿನ ಅನುಮಾನಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

"ಆ ಲೈನ್ ಎಳೆದೋನ ಕೈ ಸೇದೋಗ ಅಂತ ದಿನಾ ಬೈತೀನಿ. ಸಾರ್ ಕೂತ್ಕೊಂಡು ಕೇಳೋರು. 'ಬೈಯಮ್ಮಾ, ಮನಸಾರೆ ಬೈ' ಅನ್ನೋರು. ದೇವರಂಥ ಮನುಷ್ಯ."

ಆ ಗೆರೆ ಎಳೆದವನು ಹೊರಗೆ ಮಲಗಿದ್ದ, ಇವಳೇ ತೊಡಿಸಿದ ಕನ್ನಡಕ ತೊಟ್ಟುಕೊಂಡು. ಇವಳಿಗೆ ಗೊತ್ತಾಗಬಾರದು, ಇವತ್ತೊಂದು ದಿನವಾದರೂ ಗೊತ್ತಾಗಬಾರದು ಎಂದು ಹೆಂಡತಿಯ ಜೀವ ಒದ್ದಾಡಿತು. ಅಷ್ಟರಲ್ಲಿ ನಡುಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಗಂಡನ ಹಳೆಯ ಮೇಲಧಿಕಾರಿ! ಹೊಗಳಲು ನಿಂತರೆ ಬೇಗ ಕೂರುವ ಆಸಾಮಿಯಲ್ಲ.

"ಇವರು ಈ ನಗರಕ್ಕೆ ಕೊಟ್ಟ ಕೊಡುಗೆ..."

ಹೆಂಡತಿ ಸರಕ್ಕನೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಪಾತ್ರೆಗಳ ಮೇಲೆ ನೀರು ಧಬಧಬ ಸುರಿಯಿತು. ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

ರಿಪೇರಿಯವಳ ಕಣ್ಣು ಕಿರಿದಾಯಿತು. "ಏನಮ್ಮಾ ಮುಚ್ಚಿಡ್ತಿದೀರಿ?"

"ಏನಿಲ್ಲ... ಪಾತ್ರೆ ಬಿದ್ದಿತ್ತು, ಅದಕ್ಕೆ..."

ರಿಪೇರಿಯವಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"...ಮಾರ್ಕೆಟ್ ಕಡೆ ತಿರುಗಿದ ಆ ಲೈನು ಪೂರ್ತಿ ಇವರದೇ ಕೈಚಳಕ!" ಮೇಲಧಿಕಾರಿಯ ದನಿ ಬಾಗಿಲು ದಾಟಿ ಬಂತು. ಒಂದಿಬ್ಬರು ಚಪ್ಪಾಳೆ ತಟ್ಟಲು ಹೋಗಿ, ಎಲ್ಲಿದ್ದೇವೆಂದು ನೆನಪಾಗಿ ನಿಲ್ಲಿಸಿದರು.

ರಿಪೇರಿಯವಳ ಕೈ ನಲ್ಲಿಯ ಮೇಲೇ ಉಳಿಯಿತು. ಹೆಂಡತಿ ಆ ಕೈಯನ್ನು ಹಿಡಿದುಕೊಂಡಳು; ಅವಳು ಕೊಸರಿದರೂ ಬಿಡಲಿಲ್ಲ. ಹೊರಗೆ ಯಾರೋ, "ಗಾಡಿ ಬಂತು, ಎತ್ತೋಣವಾ?" ಎಂದು ಕೇಳುತ್ತಿದ್ದರು.