ಲುಕ್ ಎಂಬ ಪದದ ಬಾಲ

ದಾರ ಅಲ್ಲಾಡುತ್ತಿದೆ, ಅಂಗಿಯ ಎದೆಯ ಮೇಲೆ, ಗುಂಡಿ ಇದ್ದ ಜಾಗದಲ್ಲಿ ಒಂದೆಳೆ ಬಿಳಿ ದಾರ, ಛತ್ರದ ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಹುಣಸೂರು ಪೇಟೆಗೆಲ್ಲ ಅಂಗಿ ಹೊಲಿದುಕೊಡುವ ದರ್ಜಿ ಖದೀರನ ಅಂಗಿಗೇ ಗುಂಡಿಯಿಲ್ಲ, ಕಂಡವರು ಏನೆಂದಾರು, ಏನಾದರೂ ಅನ್ನಲಿ, ಇವತ್ತು ಅಮ್ಮಿಯ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಅದೊಂದು ನೆಟ್ಟಗಾಗಲಿ — ಬಿಚ್ಚುವುದು ಇವತ್ತೇ ತಾನೇ, ಟುಮಾರೋ ಎಂದಿದ್ದರು ಡಾಕ್ಟರಮ್ಮ ನಿನ್ನೆ, ಟುಮಾರೋ ಎಂದರೆ ನಾಳೆ, ಅದಕ್ಕೂ ಯಾವುದಾದರೂ ಬಾಲ ಇದ್ದು ತಾನು ಅದನ್ನು ಕಲಿಯದೆ ಬಿಟ್ಟಿದ್ದರೆ? ಚಾಪೆಯ ಮೇಲೆ ಅಮ್ಮಿ ಅಲುಗದೆ ಮಲಗಿದ್ದಾಳೆ, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ, ಕೆಮ್ಮಬಾರದು ಎಂದಿದ್ದಾರೆ, ನಿನ್ನೆ ಒಂದು ಸಲ ಕೆಮ್ಮಿದಳು, ಅದು ತನ್ನ ಬೀಡಿಯ ಹೊಗೆಗೋ, ಅಂಗಳದಲ್ಲಿ ಸೇದಿದ್ದು ಇಲ್ಲಿತನಕ ಬರುತ್ತದೆಯೇ, ಬಂದರೂ ಬಂತು, ಯಾಕೆ ಸೇದಿದೆನೋ. ಖದೀರಾ ಇದ್ದೀಯೇನೋ, ಇದ್ದೀನಿ ಅಮ್ಮಿ, ಊಟ ಆಯ್ತಾ, ಆಯ್ತು — ಸುಳ್ಳು. ಅಮ್ಮಿಯ ಈ ಕೈಗಳು ಒಂದು ಕಾಲದಲ್ಲಿ ಅಂಗಡಿಯ ಕಾಜಾಗಳನ್ನೆಲ್ಲ ತೆಗೆಯುತ್ತಿದ್ದವು, ಬಷೀರಾಬಿಯ ಕಾಜಾ ಎಂದರೆ ಗುಂಡಿ ತಾನೇ ಹೋಗಿ ಕೂರುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು, ಆಮೇಲೊಂದು ದಿನ ಸೂಜಿ ಹಿಡಿದು ಬಾಗಿಲ ಬೆಳಕಿಗೆ ಹೋದಳು, ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಇವತ್ತು ಬಿಸಿಲೇ ಇಲ್ಲವಲ್ಲೋ ಎಂದಳು, ಬಿಸಿಲು ನೆತ್ತಿ ಸುಡುತ್ತಿತ್ತು.

ಲುಕ್. ಎಷ್ಟು ಚಿಕ್ಕ ಮಾತು, ನಂಜುಂಡಸ್ವಾಮಿ ಮೇಷ್ಟ್ರು ಸಂಜೆ ಕ್ಲಾಸಿನಲ್ಲಿ ಅದನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದು, ನೋಡ್ರಯ್ಯಾ, ಇದು ಹಸು, ಸಾಧು ಹಸು, ಆದರೆ ಬಾಲ ಬದಲಾಯಿಸಿದಿರೋ ಒದೆಯೋಕೆ ಬತ್ತದೆ, ಎಂದು ಒಂದೊಂದೇ ಬಾಲ ಕಟ್ಟಿದರು, ಲುಕ್ ಫಾರ್ ಎಂದರೆ ಹುಡುಕು, ಲುಕ್ ಔಟ್ ಎಂದರೆ ಹುಷಾರು, ಲುಕ್ ಡೌನ್ ಎಂದು ಅದಕ್ಕೆ ಆನ್ ಸೇರಿಸಿದರೆ ಕೀಳಾಗಿ ಕಾಣು, ಎಲ್ಲವನ್ನೂ ಬಾಯಿಪಾಠ ಮಾಡಿದ, ಕತ್ತರಿಯ ಸದ್ದಿಗೆ ತಾಳ ಹಾಕಿ ಮಾಡಿದ, ಆದರೂ ಕಾಫಿ ಕಾರ್ಖಾನೆಯ ದೊರೆ ಚಲ್ಲಣಕ್ಕೆ ಅಳತೆ ಕೊಡುತ್ತ ಲುಕ್ ಶಾರ್ಪ್ ಮ್ಯಾನ್ ಎಂದು ಗದರಿದಾಗ ಇವನು ಕತ್ತರಿಯನ್ನು ಬೆಳಕಿಗೆ ಹಿಡಿದು ಯಸ್ ಸಾರ್ ವೆರಿ ಶಾರ್ಪ್ ಎಂದುಬಿಟ್ಟ, ಬೇಗ ಮಾಡು ಅಂತ ಹೇಳಿದ್ದು ಕಣಯ್ಯ ಎಂದು ಮೇಷ್ಟ್ರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ಅದು ನಗುವ ತಪ್ಪು. ಆದರೆ ಆಫ್ಟರ್ ಎಂಬ ಬಾಲ ಕಟ್ಟಿದ ದಿನ ಅವನು ಕ್ಲಾಸಿನಲ್ಲಿರಲಿಲ್ಲ, ಅಮ್ಮಿ ಒಲೆ ಕಾಣದೆ ಅಂಗೈ ಸುಟ್ಟುಕೊಂಡಿದ್ದಳು, ಕಟ್ಟೆಮಳಲವಾಡಿಯ ಮನೆಗೆ ಓಡಿದ್ದ, ಎಣ್ಣೆ ಸವರಿದ್ದ — ಎಂಥ ವಿಚಿತ್ರ, ಯಾವ ಕಣ್ಣಿಗಾಗಿ ಪಾಠ ತಪ್ಪಿಸಿದನೋ ಆ ಪಾಠ ಗೊತ್ತಿಲ್ಲದ್ದಕ್ಕೆ ಅದೇ ಕಣ್ಣು ಹೋಗುತ್ತಿತ್ತು.

ಮಹಾರಾಜರ ವರ್ಧಂತಿಯ ಲೆಕ್ಕದಲ್ಲಿ ಮೈಸೂರಿನಿಂದ ಕಣ್ಣಿನ ಡಾಕ್ಟರು ಬಂದಿದ್ದಾರೆ, ಪೊರೆ ತೆಗೆಯುತ್ತಾರೆ, ಆಪರೇಷನ್ನಿಗೆ ಇವತ್ತೇ ಕಡೇ ದಿನ ಎಂದು ಆವತ್ತು ಊರಿಗೆ ಸುದ್ದಿ ಬಂದದ್ದೇ ತಡವಾಗಿ, ಚಿಕ್ಕಣ್ಣನ ಗಾಡಿ ಕಟ್ಟಿಸಿಕೊಂಡು ಅಮ್ಮಿಯನ್ನು ಕರೆತಂದ, ಛತ್ರದ ತುಂಬ ಜನ, ಮದರಾಸಿನ ಕಡೆಯ ಡಾಕ್ಟರಮ್ಮ, ಕನ್ನಡ ಬಾರದು, ನರ್ಸಮ್ಮ ಮಂಗಳಗೌರಿ ನಾನು ಕನ್ನಡದಲ್ಲಿ ಹೇಳ್ತೀನಿ ಕೇಳಿ ಸಾಬರೇ ಎಂದರು, ಬೇಡ, ಐ ನೋ ಇಂಗ್ಲಿಷ್ ಎಂದ, ಅಷ್ಟು ಜನರ ಮುಂದೆ ಅದೊಂದು ಮಾತು ಆಡಬೇಕೆಂದು ಎಷ್ಟು ಕಾಲದಿಂದ ನಾಲಿಗೆ ತುರಿಸುತ್ತಿತ್ತೋ, ಡಾಕ್ಟರಮ್ಮ ಅಮ್ಮಿಯ ರೆಪ್ಪೆ ಎತ್ತಿ ನೋಡಿ, ವೀ ವಿಲ್ ಲುಕ್ ಆಫ್ಟರ್ ಹರ್ ಎಂದು ಒಳಗೆ ಹೋದರು. ಆಫ್ಟರ್ ಎಂದರೆ ಆಮೇಲೆ. ಆಮೇಲೆ ನೋಡುತ್ತೇವೆ. ಇವತ್ತೇ ಕಡೇ ದಿನ, ಆಮೇಲೆ ಎಂದರೆ ಯಾವಾಗ, ಇಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೀಗೆ ಮೆತ್ತಗೆ ಹೇಳುತ್ತಾರೆ, ತಿರುಗಿ ಕೇಳಲು ನಾಚಿಕೆ, ಅಮ್ಮಿಯ ಕೈ ಹಿಡಿದು ಹೊರಗೆ ಬಂದ. ಏನ್ ಸಾಬ್ರೇ, ಇಷ್ಟ್ ಬೇಗ್ನೆ ಆಗೋಯ್ತಾ ಎಂದ ಚಿಕ್ಕಣ್ಣ, ಊರ ಕಡೆ ಹೊಡಿ ಎಂದ ಇವನು, ಅಮ್ಮಿ ಹುಲ್ಲಿನ ಮೇಲೆ ಸರಿದು ಕೂತು, ಹೋಗಲಿ ಬಿಡೋ, ನಿನ್ನ ಮುಖ ನನಗೆ ನೆನಪಿದೆ, ಅಷ್ಟು ಸಾಕು, ಎಂದಳು, ಅದನ್ನು ಯಾಕೆ ಹೇಳಿದಳು, ಒಂದು ಬೈಗುಳ ಬೈದಿದ್ದರೂ ತಡೆದುಕೊಳ್ಳುತ್ತಿದ್ದ.

ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಮೇಷ್ಟ್ರು, ಸೈಕಲ್ ತಳ್ಳಿಕೊಂಡು, ಚೈನು ಬಿದ್ದಿತ್ತು — ಆ ಚೈನು ಬೀಳದಿದ್ದರೆ, ದೇವರೇ, ಅವರು ಎಂದೋ ಸೇತುವೆ ದಾಟಿರುತ್ತಿದ್ದರು — ಏನಯ್ಯಾ ಖದೀರ್, ತಾಯವ್ರನ್ನ ತೋರಿಸಿದೆಯಾ, ಇಲ್ಲ ಮೇಷ್ಟ್ರೇ, ಲುಕ್ ಆಫ್ಟರ್ ಅಂದುಬಿಟ್ರು, ಆಮೇಲೆ ನೋಡ್ತಾರಂತೆ. ಮೇಷ್ಟ್ರು ಈ ಸಲ ನಗಲಿಲ್ಲ. ಸೈಕಲ್ಲನ್ನು ಅಲ್ಲೇ ಬೀಳಿಸಿ ಅವನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ನೋಡ್ಕೋತೀವಿ ಅಂದಿದ್ದು ಕಣೋ, ನಾವು ನೋಡ್ಕೋತೀವಿ ಅಂತ, ತಿರುಗಿಸೋ ಗಾಡಿ, ಎಂದರು, ಆ ಹಿಡಿತಕ್ಕೆ ಗುಂಡಿ ಕಿತ್ತು ಕಟ್ಟೆಯ ಕಲ್ಲಿಗೆ ಬಡಿದು ಹೊಳೆಗೆ ಹೋಯಿತು, ದಾರ ಉಳಿಯಿತು, ಅಂಗಾದ್ರೆ ಏಳ್ಬಾರ್ದಾ ಮೊದ್ಲೇ ಎಂದು ಚಿಕ್ಕಣ್ಣ ಎತ್ತುಗಳ ಬಾಲ ಮುರಿದ, ಛತ್ರದ ಬಾಗಿಲಲ್ಲಿ ನರ್ಸಮ್ಮ ಎಲ್ಲಿ ಹೋಗಿದ್ರಿ ನೀವು, ಡಾಕ್ಟರು ಕೈ ತೊಳ್ಕೊಂಡು ಕಾಯ್ತಾ ಅವ್ರೆ ಎಂದು ಗದರುತ್ತಲೇ ಅಮ್ಮಿಯನ್ನು ಒಳಗೆ ನಡೆಸಿಕೊಂಡು ಹೋದರು. ಕಾಯುತ್ತಿದ್ದರು. ಯಾರೋ ದರ್ಜಿಯ ತಾಯಿಗಾಗಿ ಕಾಯುತ್ತಿದ್ದರು. ನೋಡ್ಕೋ — ನಮ್ಮ ಮಾತಿಗೂ ಬಾಲವಿಲ್ಲವೇ, ರುಚಿ ನೋಡು ಎನ್ನುತ್ತಾರೆ, ನಾಲಿಗೆಗೇನು ಕಣ್ಣಿದೆಯೇ, ಇಮಾಮ್ ಸಾಬ್ ಮಗಳಿಗೆ ಗಂಡು ನೋಡುತ್ತಿದ್ದಾನೆ, ಸಂತೆಯಲ್ಲಿ ಜಗಳವಾದರೆ ನಿನ್ನ ನೋಡ್ಕೋತೀನಿ ಕಣ್ಲಾ ಎಂದು ತೊಡೆ ತಟ್ಟುತ್ತಾರೆ, ಕಣ್ಣು ಮಂಜಾದ ಮೇಲೂ ಅಮ್ಮಿ ಅವನ ತಟ್ಟೆಯನ್ನು ಬೆರಳಿಂದ ಮುಟ್ಟಿ, ಖಾಲಿಯಾಗಿದೆಯೆಂದು ಅನ್ನ ಬಡಿಸುತ್ತಿದ್ದಳು, ಅದು ಯಾವ ನೋಡುವುದು, ಅದಕ್ಕೆ ಮೇಷ್ಟ್ರ ಹತ್ತಿರ ಯಾವ ಬಾಲವಿದೆ, ಕೇಳಬೇಕು.

ಬಂದರು. ಮಂಗಳಗೌರಿ ಕಿಟಕಿ ಮುಚ್ಚುತ್ತಾರೆ, ಅರ್ಧ ಮಾತ್ರ, ಪಟ್ಟಿ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತದೆ, ಅರಿವೆ ಎಂಥ ಒಳ್ಳೇ ಅರಿವೆ, ಛೇ, ಈಗ ಅರಿವೆಯ ಯೋಚನೆಯೇ, ಒದ್ದೆ ಹತ್ತಿ, ಅಂಟಿದ ರೆಪ್ಪೆ, ಡಾಕ್ಟರಮ್ಮ ದಪ್ಪ ಗಾಜೊಂದನ್ನು ಅಮ್ಮಿಯ ಕಣ್ಣಿನ ಮುಂದೆ ಹಿಡಿದು, ಲುಕ್, ಎಂದರು, ಬರೀ ಲುಕ್, ಬಾಲವಿಲ್ಲದ್ದು, ಅಜ್ಜಿ ನೋಡಿ ಎಂದರು ನರ್ಸಮ್ಮ, ಅಮ್ಮಿಗೆ ಕಾಣುತ್ತಿಲ್ಲವೇ, ಆ ಕೆಮ್ಮು, ಆ ಬೀಡಿ, ಅವನ ಮುಖದ ಕಡೆಗೂ ತಿರುಗುತ್ತಿಲ್ಲ, ಕಣ್ಣು ಕೆಳಗೆಲ್ಲೋ ನಿಂತಿದೆ, ಹುಬ್ಬು ಗಂಟಿಕ್ಕಿದೆ — ಏನೋ ಇದು, ದರ್ಜಿಯಾಗಿ, ಗುಂಡಿ ಎಲ್ಲಿ ಕಳೆದೆಯೋ. ಯಾರೋ ನಕ್ಕರು. ವಾಟ್ ಡಸ್ ಶೀ ಸೇ ಎಂದು ಡಾಕ್ಟರಮ್ಮ ಇವನನ್ನೇ ಕೇಳುತ್ತಿದ್ದಾರೆ, ಹೇಳಬೇಕು, ಥ್ಯಾಂಕ್ಯೂ ಎನ್ನಬೇಕು, ಅಷ್ಟರಲ್ಲಿ ಅಮ್ಮಿ ಕೈ ಎತ್ತಿದಳು, ತಡಕಲಿಲ್ಲ, ಎಡಕ್ಕೂ ಹೋಗಲಿಲ್ಲ ಬಲಕ್ಕೂ ಹೋಗಲಿಲ್ಲ, ಎರಡು ಬೆರಳು ನೆಟ್ಟಗೆ ಬಂದು ಹಿಡಿದವು, ದಾರ, ಒಂದೆಳೆ ಬಿಳಿ ದಾರ